ಸರ್ವೆ ಫಾರಂ ಹಿಡ್ಕೊಂಡು ಕೊಳಗೇರಿ ಸುತ್ತಿದ ಕಥೆ

ಎಂಬಿಬಿಎಸ್ ಓದೋರ ಮಧ್ಯೆ ಕಮ್ಯುನಿಟಿ ಮೆಡಿಸಿನ್ (ಸಮುದಾಯ ಆರೋಗ್ಯದ ವಿಭಾಗ) ಪೋಸ್ಟಿಂಗ್ ಅಂದ್ರೆ ರೆಸ್ಟ್ ಪೋಸ್ಟಿಂಗ್ ಅಂತಾನೇ ಹೆಸರು. ನೈಟ್ ಡ್ಯೂಟಿ ಇಲ್ಲ, ಕಾಲೇಜ್ ಬಸ್ಸಲ್ಲಿ ಕರ್ಕೊಂಡ್ ಹೋಗ್ತಾರೆ, ಊಟದ ಟೈಮಿಗೆ ವಾಪಸ್. ವೈದ್ಯಕೀಯ ಶಿಕ್ಷಣ ನೋಡ್ಕೊಳ್ಳೋ ಎನ್‌ಎಂಸಿ, ವಿದ್ಯಾರ್ಥಿಗಳು ಕೆಲವು ಕುಟುಂಬಗಳ ಆರೋಗ್ಯ ಗಮನಿಸ್ತಾ ಇರ್ಬೇಕು ಅನ್ನೋ ಫ್ಯಾಮಿಲಿ ಅಡಾಪ್ಶನ್ ಪ್ರೋಗ್ರಾಂ ತಂದ ಮೇಲೆ ಫಸ್ಟ್ ಇಯರಿಂದಾನೇ ಹಳ್ಳಿಗೆ ಹೋಗಿ ಮನೆ ಮನೆ ಮಾತಾಡ್ಸಿ ಅಭ್ಯಾಸ ಆಗಿತ್ತು, ಹಂಗಾಗಿ ಈ ಸಲ ಅರ್ಬನ್ ಹೆಲ್ತ್ ಸೆಂಟರ್ ಪೋಸ್ಟಿಂಗ್, ಅಲ್ಲೇ ಪಕ್ಕದ ಕೊಳಗೇರಿಯಲ್ಲಿ 'ಹೆಲ್ತ್ ನೀಡ್ಸ್ ಅಸೆಸ್‌ಮೆಂಟ್', ಅಂದ್ರೆ ಅಲ್ಲಿನ ಜನರ ಆರೋಗ್ಯಕ್ಕೆ ಏನೇನು ಬೇಕು ಅನ್ನೋ ಸರ್ವೆ, ಮಾಡ್ಬೇಕು ಅಂದಾಗ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಹಳ್ಳಿಯಲ್ಲಿ ಮನೆ ಬಾಗಿಲಿಗೆ ಹೋದ್ರೆ ಕೂರಿಸಿ ಕಾಫಿ ಕೊಡ್ತಾರೆ. ಇಲ್ಲಿ ಬಾಗಿಲಿಗೆ ಬೀಗ.

ಜಾಗ ಬೆಂಗಳೂರಲ್ಲೇ, ಏರಿಯಾ ಹೆಸರು ಬರೆಯಲ್ಲ, ಯಾಕಂದ್ರೆ ಕೆಳಗೆ ಅಲ್ಲಿನವರ ಮನೆ ವಿಷಯ ಎಲ್ಲ ಬರತ್ತೆ. ಒಂದು ಕಡೆ ರಾಜಕಾಲುವೆ, ಇನ್ನೊಂದು ಕಡೆ ರೈಲ್ವೆ ಲೈನ್, ಮಧ್ಯೆ ಸಿಕ್ಕಿದ ಜಾಗದಲ್ಲಿ ಮನೆಗಳು. ಮುಂದಿನ ಭಾಗ ಸ್ಲಂ ಬೋರ್ಡ್‌ನವರು ಘೋಷಣೆ ಮಾಡಿರೋದು, 1973ರ ಕೊಳಗೇರಿ ಕಾಯ್ದೆ ಪ್ರಕಾರ, ಅಲ್ಲಿ ಹಕ್ಕುಪತ್ರ ಇದೆ, ಆರ್‌ಸಿಸಿ ಮನೆ ಇದೆ, ಕೆಲವರು ಮೇಲೆ ಇನ್ನೊಂದು ರೂಮ್ ಎಬ್ಬಿಸಿ ಬಾಡಿಗೆಗೂ ಕೊಟ್ಟಿದ್ದಾರೆ. ಹಿಂದಿನ ಭಾಗ, ಕಾಲುವೆ ಗೋಡೆಗೆ ಅಂಟ್ಕೊಂಡಿರೋದು, ಶೀಟು ಟಾರ್ಪಾಲಿನ ಶೆಡ್‌ಗಳು, ಅಲ್ಲಿರೋರು ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ನಮಗೆ ಕೊಟ್ಟಿದ್ದ ಮನೆ ಲಿಸ್ಟ್‌ನಲ್ಲಿ ಮುಂದಿನ ಭಾಗ ಮಾತ್ರ ಇತ್ತು. ಶೆಡ್‌ಗಳು ಯಾವ ಲಿಸ್ಟಲ್ಲೂ ಇಲ್ಲ, ಅಂದ್ರೆ ಲಿಸ್ಟಿಂದ ಆರಿಸಿದ್ರೆ ಅವರು ಆಯ್ಕೆ ಆಗೋ ಚಾನ್ಸೇ ಇಲ್ಲ.

ಸ್ಯಾಂಪಲ್ ಸೈಜ್, ಅಂದ್ರೆ ಎಷ್ಟು ಜನರನ್ನ ಸರ್ವೆ ಮಾಡ್ಬೇಕು ಅನ್ನೋ ಲೆಕ್ಕದ ಕಥೆ ಹೇಳ್ಲೇಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನಕ್ಕೆ ರಕ್ತಹೀನತೆ ಇದೆ, ಅದನ್ನ 4ಪಿಕ್ಯೂ ಬೈ ಡಿ ಸ್ಕ್ವೇರ್ ಫಾರ್ಮುಲಾಗೆ (ಪಿ ಅಂದ್ರೆ ಕಾಯಿಲೆ ಇರೋರ ಶೇಕಡಾ, ಕ್ಯೂ ಇಲ್ಲದವರದ್ದು, ಡಿ ಅಂದ್ರೆ ಎರರ್) ಹಾಕಿ, ಎರರ್ 10 ಅಂತ ಇಟ್ಕೊಂಡ್ರೆ 99.8 ಬರತ್ತೆ. ನೂರು. ಇಷ್ಟು ಚೆಂದದ ರೌಂಡ್ ಫಿಗರ್ ನೋಡಿ ಪಿಜಿ ಓದ್ತಿದ್ದ ಸೀನಿಯರ್ ಸರ್‌ಗೆ ಡೌಟ್ ಬಂದು, ಉತ್ತರ ಮೊದಲೇ ಇಟ್ಕೊಂಡು ಎರರ್ ಸೆಟ್ ಮಾಡಿದ್ರಾ ಅಂತ ಕೇಳಿದ್ರು. ಮಾಡಿರ್ಲಿಲ್ಲ, ನಿಜವಾಗ್ಲೂ ಹಂಗೇ ಬರತ್ತೆ, ಬೇಕಾದ್ರೆ ಲೆಕ್ಕ ಹಾಕಿ ನೋಡಿ.

ಆಮೇಲೆ ನಮ್ಮನ್ನ ಉಳಿಸಿದ್ದು ಆಶಾ ಅಕ್ಕ. ನಗರದಲ್ಲಿ ಒಬ್ಬ ಆಶಾಗೆ ಒಂದರಿಂದ ಎರಡೂವರೆ ಸಾವಿರ ಜನ ಅಂತ ಲೆಕ್ಕ, ಇವರ ನೋಟ್‌ಬುಕ್‌ನಲ್ಲಿ ಅದಕ್ಕಿಂತ ಜಾಸ್ತಿನೇ ಇತ್ತು, ಶೆಡ್‌ನವರೂ ಸೇರಿ. ಮನೆ ನಂಬರ್ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ, ಬೆಸ್ಕಾಂ ಮೀಟರ್‌ದು ಒಂದು, ಬಾಡಿಗೆ ಕರಾರಿಂದು ಇನ್ನೊಂದು. ಅಕ್ಕ ಗೋಡೆ ನೋಡ್ಕೊಂಡು ಹೋಗೋರು. ಪಲ್ಸ್ ಪೋಲಿಯೋದವರು ಬಾಗಿಲ ಪಕ್ಕ ಚಾಕ್‌ಪೀಸಲ್ಲಿ ಬರೆದ 'ಪಿ' ಮತ್ತೆ 'ಎಕ್ಸ್' ಗುರುತು, ತಾರೀಖು, ಮುಂದಿನ ಮನೆ ಯಾವ ಕಡೆ ಅಂತ ಬಾಣದ ಗುರುತು. ಎಲ್ಲಾ ಮಕ್ಕಳಿಗೂ ಹನಿ ಬಿದ್ದಿದ್ರೆ ಪಿ, ಮಗು ಬಿಟ್ಟುಹೋಗಿದ್ರೆ ಅಥವಾ ಮನೆ ಬೀಗ ಹಾಕಿದ್ರೆ ಎಕ್ಸ್. ಆ ಬಾಣಗಳನ್ನೇ ಫಾಲೋ ಮಾಡ್ಕೊಂಡು ನಾವು ಮ್ಯಾಪ್ ಬರೆದ್ವಿ, ಗೂಗಲ್ ಮ್ಯಾಪಲ್ಲಿ ಆ ಇಡೀ ಜಾಗ ಒಂದು ಬೂದು ಬಣ್ಣದ ಪಟ್ಟಿ ಅಷ್ಟೆ.

ಪೋಸ್ಟಿಂಗ್ ಟೈಮ್ ಬೆಳಿಗ್ಗೆ ಹತ್ತರಿಂದ ಒಂದು. ಆ ಹೊತ್ತಲ್ಲಿ ಕೊಳಗೇರಿಯಲ್ಲಿ ಯಾರಿರ್ತಾರೆ? ಅಜ್ಜಿಯರು, ಬಾಣಂತಿಯರು, ಕೆಲಸ ಬಿಟ್ಟು ಕೂತವರು, ಹುಷಾರಿಲ್ಲದೆ ಮಲಗಿದವರು. ಮನೆಕೆಲಸಕ್ಕೆ ಹೋಗೋ ಹೆಂಗಸರು ಆರಕ್ಕೆ ಹೊರಟ್ರೆ ಬರೋದು ಎರಡಕ್ಕೆ, ಗಾರ್ಮೆಂಟ್ಸ್‌ನವರು ಸಂಜೆ ಆರರ ಮೇಲೆ, ಪೌರಕಾರ್ಮಿಕರು ನಾವು ಹಾಸಿಗೆಯಲ್ಲಿ ಇರೋವಾಗ್ಲೇ ರೋಡಲ್ಲಿ ಇರ್ತಾರೆ. ಹಂಗೇ ಮುಂದುವರಿಸಿದ್ರೆ ಕೊಳಗೇರಿಯಲ್ಲಿ ಇರೋರೆಲ್ಲ ಕಾಯಿಲೆಯವರೇ ಅಂತ ರಿಪೋರ್ಟ್ ಬರೋದು. ಪೋಸ್ಟಿಂಗ್ ನೋಡ್ಕೊಳ್ತಿದ್ದ ಮೇಡಂಗೆ ಹೇಳಿದ್ವಿ, ಅವರು ಒಂದು ಮಾತೂ ಆಡದೆ ಭಾನುವಾರ ಮತ್ತೆ ಸಂಜೆ ಹೊತ್ತಿಗೆ ಪರ್ಮಿಷನ್ ಬರೆದುಕೊಟ್ರು, ಬ್ಯಾಚ್‌ನಲ್ಲಿ ಅರ್ಧ ಜನ ನನ್ನನ್ನ ಶಪಿಸಿದ್ರು.

ಇನ್ನು ಪ್ರಶ್ನೆಗಳು. ಮೊದಲ ಪುಟದಲ್ಲೇ ಕುಪ್ಪುಸ್ವಾಮಿ ಸ್ಕೇಲ್, 1976ರಿಂದ ನಗರದ ಮನೆಗಳ ಸಾಮಾಜಿಕ ಆರ್ಥಿಕ ಮಟ್ಟ ಅಳೆಯೋಕೆ ಬಳಸ್ತಿರೋದು, ಮನೆ ಯಜಮಾನನ ಓದು, ಕೆಲಸ, ಮನೆಯ ಒಟ್ಟು ಆದಾಯ. ಆದಾಯ ಅಂದ ತಕ್ಷಣ ಮುಖ ಬದಲಾಗೋದು. ಬಿಪಿಎಲ್ ಕಾರ್ಡ್ ರದ್ದು ಮಾಡ್ತಿದ್ದಾರೆ ಅನ್ನೋ ಗಲಾಟೆ 2024ರ ಕೊನೆಯಲ್ಲಿ ಜೋರಾಗಿತ್ತಲ್ಲ, ಅದಾದ ಮೇಲೆ ಬಿಳಿ ಕೋಟ್ ಹಾಕ್ಕೊಂಡು ಟ್ಯಾಬ್ ಹಿಡಿದು ಬಂದು ಸಂಬಳ ಎಷ್ಟು, ಗಾಡಿ ಇದ್ಯಾ, ಫ್ರಿಜ್ ಇದ್ಯಾ ಅಂದ್ರೆ ಯಾರು ತಾನೇ ನಿಜ ಹೇಳ್ತಾರೆ. ಒಂದು ಮನೆಯಲ್ಲಿ ಫ್ರಿಜ್‌ಗೆ ಆನ್ಕೊಂಡು ನಿಂತ ಯಜಮಾನರೇ ಫ್ರಿಜ್ ಇಲ್ಲ ಅಂದ್ರು. ನಾನು ಇಲ್ಲ ಅಂತಾನೇ ಬರ್ಕೊಂಡೆ, ಏನ್ ಮಾಡ್ಲಿ.

ಕೋಟ್ ತೆಗೆದು ಬ್ಯಾಗಿಗೆ ಹಾಕಿದ್ವಿ. ಆದಾಯ ಕೇಳೋದನ್ನ ಕೊನೆಗೆ ತಳ್ಳಿ, ಬಾಡಿಗೆ ಎಷ್ಟು, ಗ್ಯಾಸ್ ಎಷ್ಟು ದಿನ ಬರತ್ತೆ, ಚೀಟಿ ಎಷ್ಟು ಕಟ್ತೀರಾ, ಮಕ್ಕಳ ಸ್ಕೂಲಿಗೆ ಎಷ್ಟು ಅಂತ ಖರ್ಚಿನ ಕಡೆಯಿಂದ ಮಾತು ಶುರು ಮಾಡಿದ್ರೆ ಜನ ತಾವೇ ಮಾತಾಡ್ತಾರೆ, ಖರ್ಚಿನ ವಿಷಯಕ್ಕೆ ಯಾರೂ ಸುಳ್ಳು ಹೇಳಲ್ಲ, ಬೈಕೊಂಡೇ ಹೇಳ್ತಾರೆ.

ಮನೆ ಅಳತೆ ನನಗೆ ಇವತ್ತಿಗೂ ಮರೆಯೋಕೆ ಆಗ್ದೇ ಇರೋ ಭಾಗ. ಪುಸ್ತಕದಲ್ಲಿ ಓವರ್‌ಕ್ರೌಡಿಂಗ್‌ಗೆ ಟೇಬಲ್ ಇದೆ, 110 ಚದರ ಅಡಿ ಅಥವಾ ಜಾಸ್ತಿ ಇದ್ರೆ ಇಬ್ಬರು ಮಲಗಬಹುದು, 90ರಿಂದ 100 ಇದ್ರೆ ಒಂದೂವರೆ ಜನ, 70ರಿಂದ 90 ಇದ್ರೆ ಒಬ್ಬರು. ಒಂದೂವರೆ ಜನ ಅಂದ್ರೆ ನಗಬೇಡಿ, ಹತ್ತು ವರ್ಷದೊಳಗಿನ ಮಗು ಅರ್ಧ ಲೆಕ್ಕ, ಒಂದು ವರ್ಷದೊಳಗಿಂದು ಲೆಕ್ಕಕ್ಕೇ ಇಲ್ಲ. ನಾನೂ ನನ್ನ ಪಾರ್ಟ್‌ನರ್ ಟೇಪ್ ಹಿಡಿದು ಅಳೆದ ಒಂದು ರೂಮ್ 9 ಅಡಿಗೆ 8, ಅಂದ್ರೆ 72 ಚದರ ಅಡಿ, ಟೇಬಲ್ ಪ್ರಕಾರ ಒಬ್ಬರಿಗೆ. ಇದ್ದಿದ್ದು ಐದು ಜನ. ಗ್ಯಾಸ್ ಸ್ಟವ್, ಅದರ ಕೆಳಗೆ ಸಿಲಿಂಡರ್, ಗೋಡೆಗೆ ಹಾಕಿದ ಮರದ ಹಲಗೆ ಮೇಲೆ ಟ್ರಂಕು, ಟ್ರಂಕ್ ಮೇಲೆ ದೇವರ ಫೋಟೋ, ಮೂಲೆಯಲ್ಲಿ ನೀಲಿ ಡ್ರಮ್. ಟೇಪ್‌ನ ಇನ್ನೊಂದು ತುದಿ ಹಿಡ್ಕೊಂಡಿದ್ದು ಆ ಮನೆಯ ಹೈಸ್ಕೂಲ್ ಹುಡುಗಿ. ಮುಂದಿನ ಪ್ರಶ್ನೆ 'ಸೆಕ್ಸ್ ಸೆಪರೇಶನ್', ಒಂಬತ್ತು ವರ್ಷ ದಾಟಿದ, ಗಂಡ ಹೆಂಡತಿ ಅಲ್ಲದ ಗಂಡು ಹೆಣ್ಣು ಒಂದೇ ರೂಮಲ್ಲಿ ಮಲಗಬೇಕಾಗತ್ತಾ ಅಂತ. ಕೇಳೋ ಅವಶ್ಯಕತೆನೇ ಇರ್ಲಿಲ್ಲ. ಅವಳೇ ಹೇಳಿದ್ಲು, "ಅಣ್ಣ ಆಟೋದಲ್ಲಿ ಮಲ್ಕೋತಾನೆ ಅಕ್ಕ, ಮಳೆ ಬಂದ್ರೆ ಮಾತ್ರ ಒಳಗೆ."

ಅದೇ ಮನೆ ಡ್ರಮ್‌ಗೆ ಟಾರ್ಚ್ ಹಾಕಿ ನೋಡಿದ್ರೆ ಸೊಳ್ಳೆ ಮರಿಗಳು, ಬೆಳಕು ಬಿದ್ದ ತಕ್ಷಣ ತಲೆಕೆಳಗಾಗಿ ಪಟಪಟ ಅಂತ ಕೆಳಗೆ ಹೋಗ್ತಾವೆ. ಈಡಿಸ್ ಸೊಳ್ಳೆಗೆ ಕೊಳಚೆ ಬೇಡ, ಹಿಂಗೆ ತುಂಬಿಟ್ಟ ತಿಳಿ ನೀರೇ ಬೇಕು, ಡೆಂಗ್ಯೂ ತರೋದು ಅದೇ. ನೂರು ಮನೆಗೆ ಎಷ್ಟು ಪಾತ್ರೆಯಲ್ಲಿ ಮರಿ ಇದೆ ಅನ್ನೋದು ಬ್ರೆಟೋ ಇಂಡೆಕ್ಸ್, ಅದನ್ನ ಲೆಕ್ಕ ಹಾಕಿ ಹೋಗೋದು ನಮ್ಮ ಕೆಲಸ. "ವಾರಕ್ಕೊಂದು ಸಲ ಡ್ರಮ್ ಖಾಲಿ ಮಾಡಿ ಉಜ್ಜಿ ತೊಳೀರಿ ಅಮ್ಮ" ಅಂದೆ, ಪುಸ್ತಕದಲ್ಲಿ ಇರೋದೇ. ಆ ಅಮ್ಮ ನನ್ನ ಮುಖ ನೋಡಿ, "ಕಾವೇರಿ ನೀರು ದಿನ ಬಿಟ್ಟು ದಿನ ಬರತ್ತೆ, ಅದೂ ರಾತ್ರಿ ಯಾವಾಗ ಅಂತ ಗೊತ್ತಿಲ್ಲ, ಮೋಟ್ರು ಹಾಕಿರೋರು ಎಳ್ಕೊಂಡ್ಮೇಲೆ ನಮಗೆ ಸಣ್ಣಗೆ. ಇದನ್ನ ಚೆಲ್ಲಿ ತೊಳೆದ್ರೆ ನಾಳೆ ನೀನು ತಂದ್ಕೊಡ್ತೀಯಾ ಪುಟ್ಟಿ?" ಅಂದ್ರು. ಕೊನೆಗೆ ಹಳೇ ಸೀರೆ ಬಟ್ಟೆ ಬಾಯಿಗೆ ಬಿಗಿಯಾಗಿ ಕಟ್ಟೋದು ಅಂತ ಒಪ್ಪಂದ ಆಯ್ತು.

ಸಕ್ಕರೆ ಕಾಯಿಲೆ ಬಿಪಿ ರಿಸ್ಕ್ ನೋಡೋಕೆ ಸಿಬ್ಯಾಕ್ ಅಂತ ಒಂದು ಚೆಕ್‌ಲಿಸ್ಟ್ ಇದೆ, ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರಿಗೆಲ್ಲ ತುಂಬೋದು, ಸ್ಕೋರ್ ನಾಲ್ಕು ಮೀರಿದ್ರೆ ಮೊದಲ ಆದ್ಯತೆಯಲ್ಲಿ ಸ್ಕ್ರೀನಿಂಗ್‌ಗೆ ಕಳಿಸ್ಬೇಕು. ಅದರಲ್ಲಿ ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ ಇದ್ಯಾ ಅಂತ ಪ್ರಶ್ನೆ. ಎರಡೂ ಕೈಯಲ್ಲಿ ಕೊಡ ಹಿಡ್ಕೊಂಡು ಮೆಟ್ಟಿಲು ಹತ್ತುತಿದ್ದ ಒಬ್ಬ ಅಕ್ಕನ್ನ ನನ್ನ ಪಾರ್ಟ್‌ನರ್, ಕೇರಳದ ಹುಡುಗ, ಕಷ್ಟಪಟ್ಟು ಕಲಿತ ಕನ್ನಡದಲ್ಲಿ "ನೀವು ದಿನಾ ವ್ಯಾಯಾಮ ಮಾಡ್ತೀರಾ" ಅಂತ ಕೇಳಿದ. ಆ ಅಕ್ಕ ಕೊಡ ಅವನ ಕೈಗೇ ಕೊಟ್ರು. ಮೂರನೇ ಮಹಡಿವರೆಗೆ ಹೊತ್ತ.

ಭಾಷೆ ಬಗ್ಗೆ ಹೇಳೋದಾದ್ರೆ ಮುಂದಿನ ಭಾಗದಲ್ಲಿ ತಮಿಳು, ಉರ್ದು, ತೆಲುಗು, ಎಲ್ಲರಿಗೂ ಕನ್ನಡ ಬರತ್ತೆ. ಹಿಂದಿನ ಶೆಡ್‌ಗಳಿಗೆ ದಾವಣಗೆರೆ ಕಡೆಯವಳು ಅಂತ ನನ್ನನ್ನ ಮುಂದೆ ತಳ್ಳಿದ್ರು, ಯಾದಗಿರಿ ಮಾತಿಗೆ ನಾನೂ ಒಂದೆರಡು ಸಲ ಕಣ್ಣು ಕಣ್ಣು ಬಿಟ್ಟಿದ್ದು ಬೇರೆ ವಿಷಯ. ಅಲ್ಲಿ ಒಬ್ಬರು ಟಿಬಿ ಟ್ರೀಟ್‌ಮೆಂಟಲ್ಲಿ ಇದ್ರು, ಮಾತ್ರೆ ಸರಿಯಾಗಿ ತಗೋತಿದ್ರು, ಆದ್ರೆ ಟಿಬಿ ಇದ್ದವರ ಪೌಷ್ಟಿಕ ಊಟಕ್ಕೆ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ದುಡ್ಡು, 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆಯಲ್ಲ ಅದು, ಒಂದು ಪೈಸೆನೂ ಬಂದಿರ್ಲಿಲ್ಲ. ಬ್ಯಾಂಕ್ ಅಕೌಂಟ್ ಊರಲ್ಲಿ, ಆಧಾರ್ ಲಿಂಕ್ ಆಗಿಲ್ಲ. "ಊರಿಗೆ ಹೋದ್ರ ಎರಡು ದಿನದ ಪಗಾರ ಹೋಕ್ಕತಿ ಬಾಯಾರ" ಅಂದ್ರು. ಇದನ್ನ ಬರೆಯೋಕೆ ಫಾರಂನಲ್ಲಿ ಕಾಲಂ ಇಲ್ಲ, ಹಾಳೆ ಹಿಂದೆ ಬರ್ಕೊಂಡೆ. ಸ್ವಲ್ಪ ದಿನ ಆದ್ಮೇಲೆ ನೋಡಿದ್ರೆ ನಮ್ಮೆಲ್ಲರ ಫಾರಂಗಳ ಹಿಂಭಾಗವೇ ಮುಂಭಾಗಕ್ಕಿಂತ ಜಾಸ್ತಿ ತುಂಬಿತ್ತು.

ಆ ಹಿಂಭಾಗ ನೋಡಿನೇ ಮೇಡಂ ಹೇಳಿದ್ದು, ಅಂಗನವಾಡಿಯಲ್ಲಿ ಹೆಂಗಸರನ್ನ ಕೂರಿಸಿ ಹುಣಸೆ ಬೀಜದ ಆಟ ಮಾಡಿ ಅಂತ. ಹಳ್ಳಿಗಳಲ್ಲಿ ಪಿಆರ್‌ಎ, ಅಂದ್ರೆ ಊರಿನ ಜನರನ್ನೇ ಸೇರಿಸ್ಕೊಂಡು ಸಮಸ್ಯೆ ತಿಳ್ಕೊಳ್ಳೋ ಸಮೀಕ್ಷೆ, ಮಾಡೋರು ಬಳಸೋ ವಿಧಾನ. ಸಮಸ್ಯೆಗಳನ್ನ ಕಾರ್ಡ್ ಮೇಲೆ ಚಿತ್ರ ಬರೆದು ನೆಲದ ಮೇಲೆ ಇಡೋದು, ಒಬ್ಬೊಬ್ಬರಿಗೆ ಹತ್ತು ಬೀಜ, ಯಾವುದು ಜಾಸ್ತಿ ಕಾಡತ್ತೋ ಅದರ ಮೇಲೆ ಜಾಸ್ತಿ ಬೀಜ. ನಾವು ಬರೆದ್ಕೊಂಡು ಹೋದ ಕಾರ್ಡ್‌ಗಳು ಶುಗರ್, ಬಿಪಿ, ಡೆಂಗ್ಯೂ, ರಕ್ತ ಕಮ್ಮಿ, ಟಿಬಿ, ಮಕ್ಕಳ ತೂಕ. ಹೆಂಗಸರು ಸ್ವಲ್ಪ ಹೊತ್ತು ನೋಡಿದ್ರು. ಅಲ್ಲಿನ ಹೆಂಗಸರದ್ದೇ ಗುಂಪಾದ ಮಹಿಳಾ ಆರೋಗ್ಯ ಸಮಿತಿಯ ಒಬ್ಬ ಆಂಟಿ ಖಾಲಿ ಕಾರ್ಡ್ ಕಡೆ ಕೈ ತೋರಿಸಿ, ಅದರಲ್ಲಿ ಒಂದು ನಲ್ಲಿ ಬರಿ ಅಂದ್ರು. ಇನ್ನೊಬ್ಬರು ಬಾಟ್ಲಿ ಬರಿ ಅಂದ್ರು, ಎಲ್ಲರೂ ನಕ್ರು. ಆಮೇಲೆ ಹೆಗ್ಗಣ. ಆಮೇಲೆ ಸ್ವಲ್ಪ ಪಿಸುಪಿಸು ಆಗಿ, ಕಕ್ಕಸು.

ಬೀಜ ಬಿದ್ದಿದ್ದು ಹೆಚ್ಚಾಗಿ ಆ ನಾಲ್ಕು ಕಾರ್ಡ್ ಮೇಲೆ, ಅದರಲ್ಲೂ ಕಕ್ಕಸಿನ ಮೇಲೆ ಗುಡ್ಡೆ. ಶುಗರ್ ಮೇಲೆ ಅಲ್ಲೊಂದು ಇಲ್ಲೊಂದು, ರಕ್ತ ಕಮ್ಮಿ ಅನ್ನೋ ಕಾರ್ಡ್‌ಗೆ, ನಮ್ಮ ಇಡೀ ಸ್ಯಾಂಪಲ್ ಸೈಜ್ ಯಾವುದರ ಮೇಲೆ ನಿಂತಿತ್ತೋ ಅದಕ್ಕೆ, ಒಂದೂ ಇಲ್ಲ. ಮನೆಕೆಲಸಕ್ಕೆ ಹೋಗೋ ಒಬ್ಬ ಅಕ್ಕ ಹತ್ತೂ ಬೀಜ ಕಕ್ಕಸಿನ ಮೇಲೇ ಇಟ್ಟಿದ್ರು. ಅವರನ್ನ ನಾನು ಮೊದಲೇ ಸರ್ವೆ ಮಾಡಿದ್ದೆ, ಬಿಪಿ 160 ಮೇಲೆ ಇತ್ತು, ಕ್ಲಿನಿಕ್ ಇಂದ ಎರಡು ಥರ ಮಾತ್ರೆ ಕೊಟ್ಟಿದ್ರು, ಒಂದು ತಗೋತಾರೆ ಇನ್ನೊಂದು ಇಲ್ಲ. ಫಾರಂನಲ್ಲಿ ಅದಕ್ಕೆ ಇದ್ದ ಬಾಕ್ಸ್ 'ಔಷಧಿ ಅನಿಯಮಿತ', ಟಿಕ್ ಹಾಕಿದ್ದೆ.

ಮೀಟಿಂಗ್ ಆದ್ಮೇಲೆ ಅವರ ಮನೆಗೆ ಹೋದ್ವಿ. ಮಾತ್ರೆಗಳು ಮೆಡಿಕಲ್ ಶಾಪಿನ ಪ್ಲಾಸ್ಟಿಕ್ ಕವರಲ್ಲಿ, ಕ್ಯಾಲೆಂಡರ್ ಮೊಳೆಗೆ ನೇತಾಡ್ತಿತ್ತು. ತಗೋತಿದ್ದಿದ್ದು ಅಮ್ಲೋಡಿಪಿನ್, ಅದು ಬಹುತೇಕ ಖಾಲಿ. ತುಂಬಿದ್ದ ಸ್ಟ್ರಿಪ್‌ಗಳು ಕ್ಲೋರ್‌ಥ್ಯಾಲಿಡೋನ್. ಅದು ಮೂತ್ರ ಜಾಸ್ತಿ ಮಾಡಿ ಬಿಪಿ ಇಳಿಸೋ ಮಾತ್ರೆ, ಅಗ್ಗ, ಒಳ್ಳೇದು, ಬಿಪಿ ಚಿಕಿತ್ಸೆಯ ಪ್ರೋಟೋಕಾಲ್‌ನಲ್ಲೇ ಇದೆ. "ಇದನ್ನ ಯಾಕೆ ಬಿಟ್ಟಿದ್ದೀರಾ ಅಕ್ಕ" ಅಂದೆ. ಬೆಳಿಗ್ಗೆ ಆರಕ್ಕೆ ಅದನ್ನ ನುಂಗಿ ಬಸ್ಸು ಹತ್ತಿದ್ರೆ ಮೊದಲನೇ ಮನೆ ಪಾತ್ರೆ ತೊಳೆಯೋ ಹೊತ್ತಿಗೆ ಅರ್ಜೆಂಟಾಗತ್ತೆ, ಆ ಮನೆಯವರು ಅವರ ಬಾತ್‌ರೂಮ್ ಬಳಸೋಕೆ ಬಿಡಲ್ಲ. ರಾತ್ರಿ ತಗೊಂಡ್ರೆ ಇಲ್ಲಿ ಸಾರ್ವಜನಿಕ ಶೌಚಾಲಯ ಹತ್ತು ಗಂಟೆಗೆ ಬೀಗ, ಬೀಗ ಇಲ್ದಿದ್ರೂ ಅಲ್ಲಿ ಬಲ್ಬ್ ಇಲ್ಲ, ಹೊರಗೆ ಕುಡಿದು ಕೂತಿರ್ತಾರೆ. "ಮಾತ್ರೆ ಬಿಟ್ರೆ ತಲೆ ಸುತ್ತತ್ತೆ, ತಡ್ಕೋಬಹುದು. ಅದನ್ನ ತಡ್ಕೊಳೋಕೆ ಆಗಲ್ವಲ್ಲ ಡಾಕ್ಟ್ರಮ್ಮ."

ಅಲ್ಲಿಂದ ನಾವು ಫಾರಂಗಳನ್ನೆಲ್ಲ ಮತ್ತೆ ತೆಗೆದು ಓದಿದ್ವಿ. ಉರಿಮೂತ್ರ ಅಂತ ಹೇಳಿದ್ದ ಹೆಂಗಸರನ್ನ ಒಂದು ಕಡೆ ಇಟ್ಟು ಫೋನ್ ಮಾಡಿ, ಸಂಜೆ ಮೇಲೆ ನೀರು ಕುಡೀತೀರಾ ಅಂತ ಕೇಳಿದ್ರೆ ಮುಕ್ಕಾಲು ಪಾಲು ಇಲ್ಲ. ಗಾರ್ಮೆಂಟ್ಸ್‌ಗೆ ಹೋಗೋರು ಹಗಲಲ್ಲೂ ಕುಡಿಯಲ್ಲ, ಟಾಯ್ಲೆಟ್‌ಗೆ ಹೋದ್ರೆ ಪ್ರೊಡಕ್ಷನ್ ಕಮ್ಮಿ ಆಗತ್ತೆ ಅಂತ ಸೂಪರ್‌ವೈಸರ್ ಕಿರಿಕಿರಿ. ಶುಗರ್ ಇರೋ ಅಜ್ಜಿಯರ ರಾತ್ರಿ ಬಕೆಟ್, ಅದನ್ನ ಬೆಳಿಗ್ಗೆ ಚೆಲ್ಲೋದು ಯಾರು ಅಂತ ಸೊಸೆ ಜೊತೆ ಜಗಳ, ಅದೇ ಜಗಳಕ್ಕೆ ಒಬ್ಬ ಅಜ್ಜಿ ರಾತ್ರಿ ಊಟಾನೇ ಬಿಟ್ಟು, ಬೆಳಗಿನ ಜಾವ ಶುಗರ್ ಇಳಿದು ಬೆವತು ಬಿದ್ದಿದ್ರು, ಅದನ್ನ ನಮ್ಮವನೊಬ್ಬ 'ತಲೆಸುತ್ತು, ಕಾರಣ ಗೊತ್ತಿಲ್ಲ' ಅಂತ ಬರೆದಿದ್ದ.

ಡಿಪಾರ್ಟ್‌ಮೆಂಟ್ ಪ್ರೆಸೆಂಟೇಶನ್‌ಗೆ ಪೈ ಚಾರ್ಟ್ ಎಲ್ಲ ಮಾಡಿದ್ವಿ, ಮಾಡ್ಲೇಬೇಕಲ್ಲ. ಎಚ್‌ಒಡಿ ಸರ್ ಮೊದಲು ಕೇಳಿದ್ದು ಶೆಡ್‌ನವರನ್ನ ಸ್ಯಾಂಪಲ್‌ಗೆ ಹೆಂಗೆ ಸೇರಿಸಿದ್ರಿ ಅಂತ, ಅದಕ್ಕೆ ಆಶಾ ಅಕ್ಕನ ನೋಟ್‌ಬುಕ್ ಅಂತ ಉತ್ತರ ಕೊಟ್ಟಾಗ ಅವರು ನಕ್ಕರು, ಆದ್ರೆ ಒಪ್ಕೊಂಡ್ರು. ಬೀಜದ ಫೋಟೋ ಸ್ಲೈಡ್ ಬಂದಾಗ ಒಬ್ಬ ಪ್ರೊಫೆಸರ್ "ಟಾಯ್ಲೆಟ್ ಎಲ್ಲ ಎಂಜಿನಿಯರ್ ಕೆಲಸ, ನಮ್ಮದಲ್ಲ" ಅಂದ್ರು. ಮೇಡಂ ಎದ್ದು ಹೋಗಿ ಬೋರ್ಡಲ್ಲಿ ಎಡಕ್ಕೆ ನಮ್ಮ ಕಾಯಿಲೆ ಪಟ್ಟಿ, ಬಲಕ್ಕೆ ಬೀಜದ ಪಟ್ಟಿ ಬರೆದು, ಬಿಪಿಯಿಂದ ಕಕ್ಕಸಿಗೆ, ಉರಿಮೂತ್ರದಿಂದ ಕಕ್ಕಸಿಗೆ, ಡೆಂಗ್ಯೂದಿಂದ ನಲ್ಲಿಗೆ ಗೆರೆ ಎಳೆದ್ರು. ಜಾಸ್ತಿ ಮಾತಾಡ್ಲಿಲ್ಲ. ನನಗನ್ಸೋದು, ಆ ಸ್ಲೈಡ್‌ಗಳಲ್ಲಿ ಕೆಲಸಕ್ಕೆ ಬಂದಿದ್ದು ಆ ಗೆರೆಗಳು ಮಾತ್ರ.

ಅಲ್ಲಿನವರು ನಮಗೆ ಶುರುವಿಂದ್ಲೂ ಹೇಳ್ತಿದ್ದ ದೂರು ಒಂದೇ, ಪ್ರತಿ ವರ್ಷ ಬರ್ತೀರಾ, ಬರ್ಕೊಂಡು ಹೋಗ್ತೀರಾ, ಬರೆದಿದ್ದು ಎಲ್ಲಿ ಹೋಗತ್ತೆ ಅಂತ. ಹಂಗಾಗಿ ಅದೇ ಅಂಗನವಾಡಿಯಲ್ಲಿ ಭಾನುವಾರ ಸಂಜೆ ರಿಪೋರ್ಟ್ ಓದಿ ಹೇಳಿದ್ವಿ, ಪೈ ಚಾರ್ಟ್ ಬಿಟ್ಟು. ರಕ್ತ ಕಮ್ಮಿ ಇರೋರು ಎಷ್ಟು ಜನ ಅಂತ ಹೇಳಿದಾಗ ಅವರಿಗೇ ಆಶ್ಚರ್ಯ, ಸುಸ್ತು ಅನ್ನೋದು ಕೆಲಸದ ಸುಸ್ತು ಅಂತ ಎಲ್ಲರೂ ಅಂದ್ಕೊಂಡಿದ್ರು. ಐರನ್ ಮಾತ್ರೆ ತಿಂದ್ರೆ ಹುಟ್ಟೋ ಮಗು ಕಪ್ಪಾಗತ್ತೆ ಅನ್ನೋ ಮಾತು ಅಲ್ಲೇ ಎದ್ದು ಅಲ್ಲೇ ಒಂದು ದೊಡ್ಡ ಚರ್ಚೆ ಆಯ್ತು, ಅದನ್ನ ಬಗೆಹರಿಸಿದ್ದು ನಾವಲ್ಲ, ಬಿಳೀ ಮಗುನ ಸೊಂಟದ ಮೇಲೆ ಕೂರಿಸ್ಕೊಂಡು ನಾನು ಒಂಬತ್ತು ತಿಂಗಳೂ ತಿಂದಿದ್ದೆ ನೋಡಿ ಅಂದ ಒಬ್ಬ ಬಾಣಂತಿ.

ಏನೇನಾಯ್ತು ಅಂತ ಕೇಳಿದ್ರೆ, ಆ ಅಕ್ಕನಿಗೆ ಕ್ಲಿನಿಕ್ ಡಾಕ್ಟರ್ ಕ್ಲೋರ್‌ಥ್ಯಾಲಿಡೋನ್ ತೆಗೆದು ಮೂತ್ರ ಜಾಸ್ತಿ ಮಾಡದ ಟೆಲ್ಮಿಸಾರ್ಟಾನ್ ಹಾಕಿದ್ರು, ಬಿಪಿ ಇಳೀತು. ತಿಂಗಳಿಗೊಂದು ಭಾನುವಾರ ಸಂಜೆ ಇಂಟರ್ನ್‌ಗಳು ಅಂಗನವಾಡಿಯಲ್ಲಿ ಬಿಪಿ ಶುಗರ್ ನೋಡೋದು ಶುರುವಾಗಿದೆ. ಟಿಬಿ ಇದ್ದವರಿಗೆ ಪೋಸ್ಟ್ ಆಫೀಸಲ್ಲಿ ಹೊಸ ಅಕೌಂಟ್ ಮಾಡಿಸಿದ್ವಿ. ಮಹಿಳಾ ಆರೋಗ್ಯ ಸಮಿತಿಯವರು ಸಹಿ ಹಾಕಿ ವಾರ್ಡ್ ಆಫೀಸಿಗೆ ಅರ್ಜಿ ಕೊಟ್ಟ ಮೇಲೆ ಶೌಚಾಲಯಕ್ಕೆ ಬಲ್ಬ್ ಬಂತು, ಹತ್ತು ಗಂಟೆ ಬೀಗ ಮಾತ್ರ ಹಂಗೇ ಇದೆ, ರಾತ್ರಿ ಕಾಯೋಕೆ ಆಳಿಲ್ಲ ಅಂತ ಉತ್ತರ. ಹೆಗ್ಗಣದ ಅರ್ಜಿ ಯಾವ ಇಲಾಖೆಗೆ ಕೊಡ್ಬೇಕು ಅಂತಾನೇ ಇನ್ನೂ ತೀರ್ಮಾನ ಆಗಿಲ್ಲ.

ಮುಂದಿನ ಬ್ಯಾಚ್‌ಗೆ ಫಾರಂ ತಿದ್ದಿದ್ದು ನಾವೇ. ರಾತ್ರಿ ಶೌಚಾಲಯಕ್ಕೆ ಎಲ್ಲಿಗೆ ಹೋಗ್ತೀರಾ, ಸಂಜೆ ಮೇಲೆ ನೀರು ಕುಡೀತೀರಾ, ನೀರು ಎಷ್ಟೊತ್ತಿಗೆ ಬರತ್ತೆ, ಯಾವ ಮಾತ್ರೆ ಬಿಟ್ಟಿದ್ದೀರಾ ಮತ್ತೆ ಯಾಕೆ ಅಂತೆಲ್ಲ ಸೇರಿಸಿ ಇನ್ನೆರಡು ಪುಟ ಉದ್ದ ಆಗಿದೆ. ಜೂನಿಯರ್‌ಗಳು ಈಗ ನಮ್ಮನ್ನ ಬೈಕೊಂಡು ಓಡಾಡ್ತಿದ್ದಾರೆ.